ಯಾವ ಕೋಣೆಗೆ ಯಾವ ಬೆಟ್ಟ?

ಬೆಂಗಳೂರಿನ ಹಲಸೂರಿಗೆ ಅಂಟಿಕೊಂಡಿರುವ ಮರ್ಫಿ ಟೌನ್, ಕಂಟೋನ್ಮೆಂಟಿನ ದೊರೆಗಳ ಕಾಲದಲ್ಲಿ ಬಡ ದುಡಿಮೆಗಾರರಿಗೆಂದು ಕಟ್ಟಿದ ಬಡಾವಣೆ. ಮೊದಲು ಇದರ ಹೆಸರು ನಾಕ್ಸ್‌ಪೇಟೆ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಕಾರ್ಯನಿರ್ವಾಹಕ ಎಂಜಿನಿಯರ್ ಆಗಿದ್ದ ಮರ್ಫಿಯ ಹೆಸರು ಆಮೇಲೆ ಬಂದದ್ದು. 1947ರಲ್ಲಿ ಆ ಸ್ಟೇಷನ್ ಮೈಸೂರು ಸಂಸ್ಥಾನಕ್ಕೆ ಮರಳಿತು. ದೊರೆಗಳು ಹೋದರು, ಹೆಸರು ಉಳಿಯಿತು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ. ಜಿ. ರಸ್ತೆಯವರೆಗೆ ನಗರದ ಮೊದಲ ಮೆಟ್ರೋ ರೈಲು ಓಡಿದಾಗ ಹಲಸೂರಿಗೂ ಒಂದು ನಿಲ್ದಾಣ ದೊರೆಯಿತು. ಹೀಗೆ ರೈಲು ಬಂದ ಕಡೆಯಲ್ಲೆಲ್ಲ ಆಗುವಂತೆ ಇಲ್ಲಿಯೂ ಹಳೆಯ ಸಣ್ಣ ನಿವೇಶನಗಳ ಮೇಲೆ ಮೂರು, ನಾಲ್ಕು ಅಂತಸ್ತುಗಳು ಏಳತೊಡಗಿವೆ. ಹಳೆಯ ಮನೆ ಕೆಡವುವಾಗ ತೊಲೆಗೆ ಗಿರಾಕಿಯಿದ್ದಾನೆ, ಬಾಗಿಲಿಗೆ ಗಿರಾಕಿಯಿದ್ದಾನೆ, ಮಾಡಿನ ಮಂಗಳೂರು ಹಂಚಿಗೂ ಗಿರಾಕಿಯಿದ್ದಾನೆ. ನೆಲಕ್ಕೆ ಮಾತ್ರ ಯಾರೂ ಇಲ್ಲ. ಅದು ಚೂರಾಗಿ ಟ್ರ್ಯಾಕ್ಟರ್ ಏರುತ್ತದೆ.

ಮಲೆನಾಡಿನ ಓದುಗರಿಗೆ ಬೆಂಗಳೂರಿನ ಯಾವುದೋ ಬಡಾವಣೆಯ ನೆಲದ ಕಥೆ ಏಕೆ ಎಂಬ ಪ್ರಶ್ನೆ ಸಹಜ. ಆ ನೆಲದಡಿಯ ಮರಳು, ಜಲ್ಲಿ, ಕಲ್ಲು ಯಾವುದೂ ಮರ್ಫಿ ಟೌನಿನಲ್ಲಿ ಹುಟ್ಟಿದ್ದಲ್ಲ ಎಂಬುದು ಮೊದಲನೆಯ ಉತ್ತರ. ಹಲಸೂರು, ಇಂದಿರಾನಗರಗಳ ಬಾಡಿಗೆ ಕೋಣೆಗಳಲ್ಲಿ ನೆಲೆಸಿ ದುಡಿಯುವ ಮಲೆನಾಡಿನ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಹೊಳೆಯುವ ನೆಲದ ಆಸೆಯನ್ನೂ ಹೊತ್ತು ತರುತ್ತಾರೆ ಎಂಬುದು ಎರಡನೆಯದು. ಬೆಟ್ಟವು ಇಲ್ಲಿಂದ ಕಲ್ಲಾಗಿ ಹೊರಟು, ಟೈಲ್ಸ್ ಆಗಿ ದುಬಾರಿ ಬೆಲೆಗೆ ಮರಳುತ್ತದೆ.

ಟೈಲ್ಸ್ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಎಲ್ಲೆಡೆಯೂ ಒಂದೇ: ಯಾವ ಕೋಣೆಗೆ? ಹಾಲ್‌ಗೆ ಒಂದು, ಅಡುಗೆಮನೆಗೆ ಒಂದು, ಬಚ್ಚಲಿಗೆ ಒಂದು, ದೇವರ ಕೋಣೆಗೆ ಓಂಕಾರ ಬರೆದ ಮತ್ತೊಂದು. ಪತ್ರಿಕೆಗಳ ಗೃಹಶೋಭೆಯ ಪುಟಗಳೂ ಇದೇ ಪಾಠವನ್ನು ವಾರವಾರವೂ ಒಪ್ಪಿಸುತ್ತವೆ. ಈ ಪಾಠವೆಲ್ಲ ಸುಳ್ಳೆಂದು ಹೇಳಲಾಗದು. ಗೋಡೆಗೆಂದು ಮಾಡಿದ ಟೈಲ್ಸ್ ತನ್ನ ತೂಕದ ನೂರಕ್ಕೆ ಹತ್ತಕ್ಕಿಂತ ಹೆಚ್ಚು ನೀರು ಹೀರಬಲ್ಲದು. ಪೂರ್ತಿ ವಿಟ್ರಿಫೈಡ್ ಆದದ್ದು ಅರ್ಧ ಪಾಲಿಗಿಂತಲೂ ಕಡಿಮೆ ಹೀರುತ್ತದೆ. ಮೊದಲನೆಯದನ್ನು ನೆಲಕ್ಕೆ ಹಾಕಿದರೆ ಒಂದೆರಡು ವರ್ಷಗಳಲ್ಲಿ ಒಡೆದು ಎದ್ದು ಬರುತ್ತದೆ. ಹೊಳಪಿನ ಟೈಲ್ಸ್ ಬಚ್ಚಲಿನ ನೆಲಕ್ಕೆ ಹಾಕುವುದು ಮನೆಯ ಹಿರಿಯರ ಸೊಂಟಕ್ಕೆ ತೋಡುವ ಹಳ್ಳ. ಜರ್ಮನಿಯ ಪದ್ಧತಿಯಲ್ಲಿ ಜಾರದಿರುವ ಗುಣವನ್ನು ಆರ್ 9ರಿಂದ ಆರ್ 13ರವರೆಗೆ ಅಳೆಯುತ್ತಾರೆ. ಅಂಕಿ ಏರಿದಂತೆ ಹಿಡಿತ ಹೆಚ್ಚು. ಕೊಳ್ಳುವವರು ಈ ಅಂಕಿಯನ್ನು ಪೆಟ್ಟಿಗೆಯ ಮೇಲೆ ಹುಡುಕಬೇಕು, ಇಲ್ಲವೆ ಅಂಗಡಿಯಲ್ಲಿಯೇ ಟೈಲ್ಸ್ ಮೇಲೆ ನೀರು ಸುರಿದು ಬರಿಗಾಲಿನಲ್ಲಿ ನಿಂತು ನೋಡಬೇಕು. ಅಂಗಡಿಯವನು ಮುಖ ಸಿಂಡರಿಸಬಹುದು, ಸಿಂಡರಿಸಲಿ.

ಪಾಠದಲ್ಲಿ ಬಿಟ್ಟುಹೋದದ್ದೇ ದೊಡ್ಡದು. ಆರುನೂರು ಚದರ ಅಡಿಯ ಒಂದು ಮನೆಯನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡಬೇಕು. ಅಷ್ಟು ನೆಲವೆಂದರೆ ಸುಮಾರು 56 ಚದರ ಮೀಟರು. ಒಂದು ಚದರ ಮೀಟರು ವಿಟ್ರಿಫೈಡ್ ಟೈಲ್ಸ್ ಸುಮಾರು 20 ಕಿಲೋ ತೂಗುತ್ತದೆ; ಒಟ್ಟು ಒಂದು ಟನ್ನಿಗೆ ತುಸು ಮೇಲೆ. ಅದರಡಿಯ ಗಾರೆಯ ಹಾಸು ನಾಲ್ಕು ಸೆಂಟಿಮೀಟರ್ ದಪ್ಪವಿದ್ದರೆ ಅದರ ತೂಕವೇ ನಾಲ್ಕೂವರೆ ಟನ್. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮರಳು, ಅಂದರೆ ಮೂರೂವರೆ ಟನ್. ಗಿರಾಕಿಯು ಗಂಟೆಗಟ್ಟಲೆ ಕುಳಿತು ಬಣ್ಣ ಆರಿಸಿದ್ದು ಒಂದು ಟನ್ನಿನ ವಸ್ತುವಿಗೆ. ಅದಕ್ಕಿಂತ ಮೂರು ಪಟ್ಟು ತೂಕದ ಮರಳಿನ ಬಗ್ಗೆ ಅವನನ್ನು ಯಾರೂ ಒಂದು ಮಾತನ್ನೂ ಕೇಳಲಿಲ್ಲ. ನಾಲ್ಕು ಅಂತಸ್ತಿನ ಕಟ್ಟಡವಾದರೆ ನೆಲದ ಹಾಸಿಗೆ ಮಾತ್ರವೇ ಹದಿನಾಲ್ಕು ಟನ್ ಮರಳು.

ಆ ಮರಳು ಒಂದು ಕಾಲದಲ್ಲಿ ಹೊಳೆಯ ಒಡಲಿನಿಂದ ಬರುತ್ತಿತ್ತು. ಹೊಳೆಗಳು ಬರಿದಾದ ಮೇಲೆ ಎಂ-ಸ್ಯಾಂಡ್ ಎಂಬ ಪುಡಿ ಬಂದಿದೆ. ಹೊಳೆಯನ್ನು ಉಳಿಸುವ ವಸ್ತುವೆಂದು ಇದನ್ನು ಹೊಗಳುವವರಿದ್ದಾರೆ. ಹೊಳೆಗೆ ಬಿಡುವು ಸಿಕ್ಕಿದೆಯೆಂಬುದು ದಿಟ; ಆ ಹೊರೆ ಗುಡ್ಡದ ಹೆಗಲಿಗೆ ಬಂದಿದೆಯೆಂಬುದೂ ಅಷ್ಟೇ ದಿಟ. ಎಂ-ಸ್ಯಾಂಡ್ ಎಂದರೆ ಸಿಡಿಸಿ, ಒಡೆದು, ಅರೆದ ಕಗ್ಗಲ್ಲು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹೊರವಲಯದ ಹುಣಸೋಡಿನಲ್ಲಿ ಕಲ್ಲುಕ್ವಾರಿಗೆಂದು ತಂದಿದ್ದ ಸ್ಫೋಟಕ ಸಿಡಿದು ಕಾರ್ಮಿಕರು ಛಿದ್ರಛಿದ್ರವಾದರು. ದೂರದ ಊರುಗಳಲ್ಲಿಯೂ ಜನ ಭೂಕಂಪವೆಂದು ಹೆದರಿ ಮನೆಯಿಂದ ಹೊರಗೋಡಿದರು. ತಿಂಗಳು ಕಳೆಯುವಷ್ಟರಲ್ಲಿ, ಫೆಬ್ರವರಿಯಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಆ ವಾರದ ಪತ್ರಿಕೆಗಳ ಮೊದಲ ಪುಟದಲ್ಲಿ ಸಾವಿನ ಸುದ್ದಿಯಿತ್ತು. ಆ ಕಲ್ಲನ್ನು ಬೇಡಿದವರಾರು ಎಂಬ ಪ್ರಶ್ನೆ ಕೊನೆಯ ಪುಟಕ್ಕೂ ಬರಲಿಲ್ಲ.

ಟೈಲ್ಸ್ ತಾನೇ ಎಲ್ಲಿಂದ ಬರುತ್ತದೆ? ಬಹುಪಾಲು ಗುಜರಾತಿನ ಮೋರ್ಬಿಯಿಂದ, ಸಾವಿರದ ಐನೂರು ಕಿಲೋಮೀಟರಿಗೂ ಹೆಚ್ಚು ದಾರಿ ಲಾರಿಯಲ್ಲಿ ಸವೆಸಿ. ಜೇಡಿ, ಫೆಲ್ಡ್‌ಸ್ಪಾರ್, ಕ್ವಾರ್ಟ್ಜ್‌ಗಳನ್ನು ಅರೆದು, ಒತ್ತಿ, ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ವಿಟ್ರಿಫೈಡ್ ಟೈಲ್ಸ್. ಬಹುಕಾಲ ಅಲ್ಲಿನ ಅನೇಕ ಕಾರ್ಖಾನೆಗಳು ಕಲ್ಲಿದ್ದಲಿನಿಂದ ಅನಿಲ ತೆಗೆದು ಒಲೆ ಉರಿಸಿದವು. ಗಾಳಿ, ನೀರು, ನೆಲ ಕೆಟ್ಟವು. 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಕಲ್ಲಿದ್ದಲು ಗ್ಯಾಸಿಫೈಯರ್‌ಗಳನ್ನು ಮುಚ್ಚಿಸುವ ಆದೇಶ ಹೊರಡಿಸಿತು. ಉದ್ಯಮ ಮುಳುಗುತ್ತದೆಂದು ಗೋಳಾಡಿದವರು ನೈಸರ್ಗಿಕ ಅನಿಲಕ್ಕೆ ಹೊರಳಿ ಒಲೆ ಉರಿಸುತ್ತಲೇ ಇದ್ದಾರೆ. ಜನ ಹಟ ಹಿಡಿದರೆ, ನ್ಯಾಯಾಲಯ ಗದರಿದರೆ, ಆಗದೆಂದದ್ದು ಆಗುತ್ತದೆ. ಕುದುರೆಮುಖದ ಗಣಿ 2005ರ ಕೊನೆಗೆ ನಿಂತದ್ದನ್ನು ಕಂಡ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾರ್ಖಾನೆಯ ಹೊಗೆ ಮೋರ್ಬಿಯಲ್ಲಿ ಉಳಿದರೆ ದೂಳು ಮನೆಯ ಬಾಗಿಲಿಗೇ ಬರುತ್ತದೆ. ಟೈಲ್ಸ್ ಕೆಲಸದ ಹುಡುಗ ಮೂಗಿಗೆ ಟವಲು ಸುತ್ತಿಕೊಂಡು ಒಣ ಕಟ್ಟರ್ ಹಿಡಿದು ಮೆಟ್ಟಿಲ ಮೇಲೆ ಕುಳಿತಿರುತ್ತಾನೆ. ಏಳುವ ಬಿಳಿಯ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದರ ಅತಿ ಸಣ್ಣ ಕಣಗಳು ಶ್ವಾಸಕೋಶದ ತಳಕ್ಕಿಳಿದು ಗಾಯದ ಗಂಟು ಕಟ್ಟುತ್ತವೆ. ಸಿಲಿಕೋಸಿಸ್ ಎಂಬ ಆ ರೋಗವನ್ನು ಗುಣಪಡಿಸುವ ಮದ್ದಿಲ್ಲ. ಟವಲು ಆ ಕಣವನ್ನು ತಡೆಯದು. ಅಲಗಿನ ಮೇಲೆ ನೀರು ಬೀಳುವಂತೆ ಮಾಡಿದರೆ ದೂಳು ಬಹುಮಟ್ಟಿಗೆ ಅಡಗುತ್ತದೆ. ಅಡುಗೆಮನೆಯ ಕಟ್ಟೆಗೆ ಈಚೆಗೆ ಮಾರುವ ಕೃತಕ ಕ್ವಾರ್ಟ್ಜ್ ಹಲಗೆಯಂತೂ ಸಿಲಿಕಾದ ಗಟ್ಟಿ. ಅದನ್ನು ಕೊಯ್ದ ಯುವಕರು ರೋಗಕ್ಕೆ ತುತ್ತಾದುದನ್ನು ಕಂಡು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ಇಲ್ಲಿ ಅದು ‘ಆಧುನಿಕ ಅಡುಗೆಮನೆ’ಯ ಹೆಸರಿನಲ್ಲಿ ಬರುತ್ತಿದೆ. ಕಡಪ ಕಲ್ಲೋ ಕರಿಯ ಗ್ರಾನೈಟೋ ಇರುವ ಕಟ್ಟೆಯ ಮೇಲೆ ರುಬ್ಬಿ ಉಂಡವರ ಮಕ್ಕಳಿಗೆ ಇದು ಏಕೆ ಬೇಕಾಯಿತೋ!

ಇಷ್ಟು ಕೇಳಿದೊಡನೆ ‘ಹಾಗಾದರೆ ಸಗಣಿ ಸಾರಿಸಿದ ನೆಲಕ್ಕೇ ಮರಳೋಣ’ ಎಂದು ಉತ್ಸಾಹದಿಂದ ಎದ್ದು ನಿಲ್ಲುವ ಪರಿಸರಪ್ರೇಮಿಗಳಿದ್ದಾರೆ. ಅವರಲ್ಲಿ ಸಗಣಿ ಕಲಸಿದವರು ವಿರಳ. ಮಣ್ಣಿನ ನೆಲದ ತಂಪು, ಅದರ ಕರಿಯ ಮಿರುಗು ಎಲ್ಲವೂ ನಿಜ. ವಾರವಾರ ಮಂಡಿಯೂರಿ ಸಾರಿಸಿದ್ದು ಹೆಂಗಸರು ಎಂಬುದೂ ನಿಜ. ಒರೆಸಿದರೆ ಸಾಕೆನ್ನುವ ನೆಲ ಬಂದಾಗ ಅವರು ಬಿಟ್ಟ ನಿಟ್ಟುಸಿರನ್ನು ಪ್ರಕೃತಿದ್ರೋಹವೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಮರ್ಫಿ ಟೌನಿನ ಹತ್ತಡಿ ಕೋಣೆಯಲ್ಲಿ ಮಳೆಗಾಲದ ಚರಂಡಿ ನೀರು ಒಳನುಗ್ಗಿದರೆ ತೊಳೆದು ಒಣಗಿಸಬಲ್ಲ ನೆಲವೇ ಬೇಕು. ಬೆಳಕು ಬಾರದ ಆ ಕೋಣೆಗೆ ತಿಳಿಬಣ್ಣದ ನೆಲವಿದ್ದರೆ ಹಗಲಿನಲ್ಲಿ ಒಂದು ದೀಪ ಉಳಿದೀತು. ತಲೆಮಾರುಗಳ ಕಾಲ ಕೊಳಚೆಯ ಹೆಸರು ಹೊತ್ತ ಜನಕ್ಕೆ ಹೊಳೆಯುವ ನೆಲವೆಂಬುದು ಮರ್ಯಾದೆಯ ವಿಷಯವೂ ಹೌದು. ಅವರ ಮುನ್ನೂರು ಚದರ ಅಡಿಯ ಮೇಲೆ ಬೆಟ್ಟದ ಪಾಪವನ್ನೆಲ್ಲ ಹೇರಿ, ನಾಲ್ಕು ಹೆಜ್ಜೆಯಾಚೆ ಇಂದಿರಾನಗರದಲ್ಲಿ ಇಟಲಿಯ ಅಮೃತಶಿಲೆ ಹಾಸಿ ಹತ್ತು ವರ್ಷಕ್ಕೊಮ್ಮೆ ಕಿತ್ತು ಹೊಸದು ಹಾಸುವವರನ್ನು ಬಿಟ್ಟುಬಿಡುವ ಪರಿಸರವಾದದಿಂದ ಯಾವ ಬೆಟ್ಟವೂ ಉಳಿಯದು.

ಹಳೆಯದೆಲ್ಲ ನಿರಪರಾಧಿ ಎಂಬ ಭ್ರಮೆಯೂ ಬೇಡ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಜೇಡಿ ಕೊಟ್ಟದ್ದು ಹೊಳೆಯಂಚಿನ ಭೂಮಿ. ಒಲೆಗೆ ಕಟ್ಟಿಗೆ ಕೊಟ್ಟದ್ದು ಘಟ್ಟದ ಕಾಡು. ಬೆಂಗಳೂರು ದಂಡಿನ ಬಂಗಲೆಗಳ ಕೆಂಪು ಮಾಡು ನೋಡಿ ಕವಿಗಳಾಗುವವರು ಆ ಕಟ್ಟಿಗೆಯನ್ನೂ ನೆನೆಯಬೇಕು. ಆದರೂ ಆ ಹಂಚಿಗೆ ಒಂದು ಗುಣವಿತ್ತು. ಅದನ್ನು ಅಂಟಿಸುತ್ತಿರಲಿಲ್ಲ, ಜೋಡಿಸುತ್ತಿದ್ದರು. ಒಂದು ಒಡೆದರೆ ಒಂದನ್ನೇ ಬದಲಿಸಬಹುದಿತ್ತು. ಮನೆ ಬಿದ್ದರೆ ಇನ್ನೊಂದು ಮನೆಗೆ ಹೊದಿಸಬಹುದಿತ್ತು. ಒಮ್ಮೆ ಸುಟ್ಟ ಕಾಡು ನೂರು ವರ್ಷ ನೆರಳು ಕೊಟ್ಟಿತು. ಸಿಮೆಂಟಿನಲ್ಲಿ ಹೂತ ಟೈಲ್ಸ್ ಮತ್ತೆ ಟೈಲ್ಸ್ ಆಗದು. ಅದನ್ನು ಕೀಳುವುದೆಂದರೆ ಒಡೆಯುವುದೇ.

ವಿಷಯದ ತಿರುಳು ಇಲ್ಲಿದೆ. ಕಾವಿ ನೆಲಕ್ಕೂ ಸಿಮೆಂಟು ಬೇಕು, ಮರಳು ಬೇಕು. ಶಹಾಬಾದ್ ಕಲ್ಲಿಗೂ ಗಣಿಯಿದೆ. ಯಾವ ನೆಲವೂ ಬಿಟ್ಟಿಯಲ್ಲ. ಒಮ್ಮೆ ಹಾಕಿದ ನೆಲ ಎಷ್ಟು ಕಾಲ ಉಳಿಯುತ್ತದೆ ಎಂಬುದರಿಂದಲೇ ಅದರ ಪುಣ್ಯಪಾಪ ನಿರ್ಧಾರವಾಗುತ್ತದೆ. ಅರವತ್ತು ವರ್ಷ ಬಾಳುವ ನೆಲವನ್ನು ಹದಿನೈದು ವರ್ಷಕ್ಕೆ ಕಿತ್ತರೆ ಬೆಟ್ಟವು ನಾಲ್ಕು ಸಲ ಸಿಡಿಯಬೇಕು. ಅಂಗಡಿಯು ‘ಯಾವ ಕೋಣೆಗೆ?’ ಎಂದು ಕೇಳುತ್ತದೆ. ‘ಈಗಿರುವ ನೆಲಕ್ಕೆ ಏನಾಗಿದೆ?’ ಎಂದು ಕೇಳುವುದಿಲ್ಲ. ಕೇಳಿದರೆ ವ್ಯಾಪಾರ ನಡೆಯದು.

ಮರ್ಫಿ ಟೌನಿನ ಹಳೆಯ ಮನೆಯೊಂದಕ್ಕೆ ಕಾಲಿಟ್ಟ ಪ್ರಾಮಾಣಿಕ ಮೇಸ್ತ್ರಿ ಏನು ಹೇಳಬಹುದು? ನಡುಕೋಣೆಯ ಕೆಂಪು ನೆಲ ಬಿರುಕು ಬಿಟ್ಟಿದ್ದರೂ ಬಡಿದಾಗ ಟೊಳ್ಳು ಸದ್ದು ಬಾರದಿದ್ದರೆ ಅದನ್ನು ಕೀಳಬೇಡಿ ಎನ್ನುತ್ತಾನೆ. ಬಿರುಕಿಗೆ ಅದೇ ಬಣ್ಣದ ಸಿಮೆಂಟು ತುಂಬಿ ಉಜ್ಜಿ ಮೇಣ ತಿಕ್ಕಿದರೆ ಸಾಕು. ಕಲೆ ಕಾಣುತ್ತದೆ, ಕಾಣಲಿ. ಹೊಸ ನೆಲ ಬೇಕೇಬೇಕೆಂದರೆ ಗಟ್ಟಿಯಾದ ಹಳೆಯ ನೆಲದ ಮೇಲೆಯೇ ಟೈಲ್ಸ್ ಅಂಟಿನ ತೆಳು ಲೇಪ ಹಚ್ಚಿ ಕೂರಿಸಬಹುದು. ನೆಲ ಅರ್ಧ ಇಂಚಿನಷ್ಟು ಏರುತ್ತದೆ, ಬಾಗಿಲಿನ ಬುಡ ತುಸು ಹೆರೆಯಬೇಕಾಗುತ್ತದೆ. ಮೂರೂವರೆ ಟನ್ ಮರಳು ಗುಡ್ಡದಲ್ಲಿಯೇ ಉಳಿಯುತ್ತದೆ. ಬಚ್ಚಲಿಗೆ ಸಣ್ಣ ಅಳತೆಯ ಒರಟು ಟೈಲ್ಸ್ ಒಳ್ಳೆಯದು. ಸಂದು ಹೆಚ್ಚಿದ್ದಷ್ಟೂ ಕಾಲಿಗೆ ಹಿಡಿತ ಹೆಚ್ಚು, ನೀರು ಹರಿಯುವ ಇಳಿಜಾರು ಕೊಡುವುದೂ ಸುಲಭ. ಗೋಡೆಗೆ ನೀರು ಸಿಡಿಯುವಷ್ಟು ಎತ್ತರಕ್ಕೆ ಟೈಲ್ಸ್ ಸಾಕು. ಚಾವಣಿಯವರೆಗೆ ಏರಿಸಲು ಅಲ್ಲಿ ಯಾರೂ ಆನೆಗೆ ಸ್ನಾನ ಮಾಡಿಸುವುದಿಲ್ಲ. ಅಡುಗೆಮನೆಯ ಕಟ್ಟೆಯ ಹಿಂದೆ ಎರಡಡಿ ಸಾಕು. ಮಲಗುವ ಕೋಣೆಗೆ ಸಾದಾ ಸಿಮೆಂಟಿನ ನೆಲವೂ ಮೋಸವಲ್ಲ. ಹೊರಮೆಟ್ಟಿಲಿಗೆ ನುಣುಪು ಗ್ರಾನೈಟ್ ಎಂದೂ ಕೂಡದು, ಉಳಿಯೇಟಿನ ಒರಟು ಕಲ್ಲೇ ಸರಿ. ಹಲಸೂರಿನ ಸೋಮೇಶ್ವರ ದೇವಾಲಯದ ಹಾಸುಗಲ್ಲಿನ ಮೇಲೆ ಮಳೆಯಲ್ಲಿ ನಡೆದವರಿಗೆ ಕಾರಣ ಗೊತ್ತು. ಮುಂದಿನ ನಾಲ್ಕಡಿ ಅಂಗಳವಿದ್ದರೆ ಅದನ್ನು ಮಣ್ಣಾಗಿಯೇ ಬಿಡಬೇಕು. ರಸ್ತೆಯೂ ಅಂಗಳವೂ ಮುಚ್ಚಿದ ಮೇಲೆ ಮಳೆನೀರು ಹೋಗುವುದಾದರೂ ಎಲ್ಲಿಗೆ? ತಾರಸಿಗೆ ಒಡೆದ ಬಿಳಿ ಟೈಲ್ಸ್ ಚೂರು ಹಾಸಿದರೆ ಬಿಸಿಲು ಹಿಂದಿರುಗಿ ಕೆಳಗಿನ ಕೋಣೆ ತಂಪಾಗುತ್ತದೆ. ಕಸವೆಂದು ಎಸೆಯುವ ಟೈಲ್ಸಿಗೆ ಇದಕ್ಕಿಂತ ಒಳ್ಳೆಯ ಗತಿಯಿಲ್ಲ.

ಇಂಥ ಮೇಸ್ತ್ರಿ ಇಂದು ಅಪರೂಪ. ಕಾವಿ ನೆಲ ಹಾಕುವುದು ಕೈಯ ವಿದ್ಯೆ. ತಳದ ಗಾರೆ ಹಸಿಯಿರುವಾಗಲೇ ಬಣ್ಣ ಬೆರೆಸಿದ ಸಿಮೆಂಟನ್ನು ಹರಡಿ, ಉಕ್ಕಿನ ಕರಣೆಯಿಂದ ಒತ್ತಿ ಒತ್ತಿ ತೀಡಬೇಕು. ಒಂದು ಕೋಣೆಯನ್ನು ಒಂದೇ ಬೀಸಿಗೆ ಮುಗಿಸಬೇಕು. ಆಮೇಲೆ ಒಂದು ವಾರವಾದರೂ ನೀರು ನಿಲ್ಲಿಸಿ ಹದ ಮಾಡಬೇಕು. ಮಾಲೀಕನಿಗೆ ಅಷ್ಟು ತಾಳ್ಮೆಯಿಲ್ಲ, ಕಂಟ್ರಾಕ್ಟರನಿಗೆ ಅಷ್ಟು ದಿನವಿಲ್ಲ. ಕೂಲಿಗೆ ಹೋಗಬೇಕಾದ ಹಣ ಸಾಗಣೆಗೂ ಸುಡುವುದಕ್ಕೂ ಹೋಗುತ್ತಿದೆ.

ಈಗ ಘಟ್ಟದ ಕಡೆಗೆ. ಶಿರಸಿ, ಸಾಗರ, ತೀರ್ಥಹಳ್ಳಿ, ಕೊಪ್ಪಗಳ ಪೇಟೆಯಲ್ಲಿ ಟೈಲ್ಸ್ ಅಂಗಡಿಗಳು ಗಾಜಿನ ಮುಖ ಹೊತ್ತು ನಿಂತಿವೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಜಗಲಿ ಒಡೆಯುತ್ತದೆ. ಅಜ್ಜನ ಕಾಲದಿಂದ ಕನ್ನಡಿಯಂತಿದ್ದ ಕೆಂಪು ನೆಲವನ್ನು ಹಾರೆಯಿಂದ ಮೀಟಿ, ಎರಡಡಿ ಚೌಕದ ಹಾಲುಬಿಳಿ ಹೊಳಪನ್ನು ಹಾಸುತ್ತಾರೆ. ಆಷಾಢ ಬರುತ್ತದೆ. ಒದ್ದೆ ಗಾಳಿ ತಣ್ಣನೆಯ ಗಟ್ಟಿ ಟೈಲ್ಸಿಗೆ ತಾಗಿ ಹನಿಗಟ್ಟುತ್ತದೆ; ‘ನೆಲ ಬೆವರುತ್ತದೆ’ ಎಂದು ಜನ ಗೋಣಿತಾಟು ಹಾಸುತ್ತಾರೆ. ಮಣ್ಣಿನ ನೆಲವಾದರೆ ಆ ತೇವವನ್ನು ತಾನೇ ಹೀರಿಕೊಳ್ಳುತ್ತಿತ್ತು. ತೋಟದಿಂದ ಕೆಸರುಗಾಲಿನಲ್ಲಿ ಬಂದ ಹಿರಿಯರು ಜಾರುತ್ತಾರೆ. ಮೂಳೆ ಮುರಿದರೆ ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಒಯ್ಯಬೇಕು. ಸಾವಿರಾರು ಕಿಲೋಮೀಟರ್ ದೂರದ ಒಣನಾಡಿನಲ್ಲಿ ಸುಟ್ಟ ವಸ್ತುವಿಗೆ ಆಗುಂಬೆಯ ಮಳೆ ಹೇಗೆ ಗೊತ್ತಾಗಬೇಕು!

ಇನ್ನೊಂದು ಮಾತು ಕಹಿಯಾದರೂ ಹೇಳಲೇಬೇಕಾದದ್ದು. ಗಾಡ್ಗೀಳ್ ಸಮಿತಿ 2011ರಲ್ಲಿಯೂ ಕಸ್ತೂರಿರಂಗನ್ ಸಮಿತಿ 2013ರಲ್ಲಿಯೂ ವರದಿ ಕೊಟ್ಟವು. ಕಸ್ತೂರಿರಂಗನ್ ವರದಿಯು ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ಗಣಿ, ಕಲ್ಲುಕ್ವಾರಿ, ಮರಳುಗಾರಿಕೆಗಳನ್ನು ಪೂರ್ತಿ ನಿಷೇಧಿಸಬೇಕೆಂದು ಸ್ಪಷ್ಟವಾಗಿ ಹೇಳಿತ್ತು. ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಅದನ್ನು ತಿರಸ್ಕರಿಸಿತು. ಕೃಷಿಗೆ, ವಾಸಕ್ಕೆ ಅಡ್ಡಿಯಾದೀತೆಂದು ಹೆದರಿದ ರೈತರ ಆತಂಕದಲ್ಲಿ ಹುರುಳಿತ್ತು. ಅವರನ್ನು ಕೇಳದೆ ನಕ್ಷೆ ಬರೆದದ್ದು ತಪ್ಪೇ. ಆದರೆ ಅದೇ ಪ್ರತಿಭಟನೆಯ ಪೆಂಡಾಲಿನಲ್ಲಿ ಕ್ವಾರಿಯವರೂ ರೈತರ ಪಕ್ಕದಲ್ಲಿ ಕುಳಿತು ಕಣ್ಣೊರೆಸಿಕೊಂಡರೆ ಅವರ ಕಣ್ಣೀರು ಯಾವುದಕ್ಕಾಗಿ ಎಂದು ಕೇಳುವ ಧೈರ್ಯ ಹಳ್ಳಿಗಳಿಗೆ ಇರಬೇಕಿತ್ತು.

ಕೆಡವಿದ ಕಟ್ಟಡದ ಅವಶೇಷಗಳನ್ನು ಬೇರ್ಪಡಿಸಿ ಗೊತ್ತಾದ ಜಾಗಕ್ಕೆ ಒಪ್ಪಿಸುವುದು ಕಟ್ಟುವವನ ಹೊಣೆ ಎಂದು ಕೇಂದ್ರ ಸರ್ಕಾರ 2016ರಲ್ಲಿಯೇ ನಿಯಮ ಮಾಡಿತು. ಆ ಮೇಲೆಯೂ ಬೆಂಗಳೂರಿನ ರಾಜಕಾಲುವೆಯ ಅಂಚುಗಳಲ್ಲಿ ಟೈಲ್ಸ್ ಚೂರು, ಗಾರೆಯ ಹೆಂಟೆ ರಾಶಿಬಿದ್ದಿವೆ. ಮನೆಯ ನಕ್ಷೆಗೆ ಮಂಜೂರಾತಿ ಕೊಡುವಾಗ ಹಳೆಯ ನೆಲ ಎಲ್ಲಿಗೆ ಹೋಯಿತೆಂಬ ರಸೀದಿಯನ್ನು ಪಾಲಿಕೆ ಕಡ್ಡಾಯವಾಗಿ ಕೇಳಲಿ. ಬಾಡಿಗೆದಾರ ಬದಲಾದಾಗಲೆಲ್ಲ ನೆಲ ಬದಲಿಸುವ ಮಾಲೀಕರಿಗೆ ಅದರ ತೂಕಕ್ಕೆ ತಕ್ಕ ಶುಲ್ಕ ಬೀಳಲಿ. ಘಟ್ಟದ ಗ್ರಾಮ ಪಂಚಾಯತಿಗಳು ತಮ್ಮ ಶಾಲೆ, ಅಂಗನವಾಡಿ, ಸಮುದಾಯ ಭವನಗಳ ಅಂದಾಜುಪಟ್ಟಿಯಲ್ಲಿ ‘ವಿಟ್ರಿಫೈಡ್ ಟೈಲ್ಸ್’ ಎಂದು ಕಣ್ಣುಮುಚ್ಚಿ ಬರೆಯುವ ಎಂಜಿನಿಯರನ್ನು ಗ್ರಾಮಸಭೆಯಲ್ಲಿ ನಿಲ್ಲಿಸಿ ಕಾರಣ ಕೇಳಲಿ. ಟೈಲ್ಸ್ ಕೊಯ್ಯುವಲ್ಲಿ ನೀರಿನ ಪೈಪು ಇಲ್ಲದಿದ್ದರೆ ಮನೆಯವರೇ ಕೆಲಸ ನಿಲ್ಲಿಸಲಿ. ಒಂದು ಬಕೆಟ್ ನೀರಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ವಿದ್ಯಾರ್ಥಿಗಳು ಈ ರಜೆಯಲ್ಲಿ ಮಾಡಬಹುದಾದ ಕೆಲಸವೊಂದಿದೆ. ತಮ್ಮ ಊರಿನಲ್ಲಿ ಕಾವಿ ನೆಲ ಹಾಕಲು ಬಲ್ಲವರು ಯಾರು ಉಳಿದಿದ್ದಾರೆ ಎಂದು ಮನೆಮನೆ ಕೇಳಿ ಪಟ್ಟಿ ಮಾಡಬೇಕು. ಬಹುಶಃ ಅವರಿಗೆ ಎಪ್ಪತ್ತು ದಾಟಿರುತ್ತದೆ, ಮಂಡಿ ಸೋತಿರುತ್ತದೆ. ಜಗಲಿಯ ಮೇಲೆ ಕುಳ್ಳಿರಿಸಿ ಗಾರೆಯ ಹದ ಎಷ್ಟು, ಬಣ್ಣ ಎಷ್ಟು, ತೀಡುವುದನ್ನು ನಿಲ್ಲಿಸುವ ಗಳಿಗೆ ಕೈಗೆ ಹೇಗೆ ತಿಳಿಯುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕು. ಮಳೆ ಹಿಡಿಯುವ ಮೊದಲು ಯಾವುದಾದರೊಂದು ಮನೆಯ ಹತ್ತಡಿ ನೆಲವನ್ನು ಅವರ ಕಣ್ಣೆದುರಿಗೇ ಹಾಕಿ ನೋಡಬೇಕು.